ನಲವತ್ತು ಮನೆಯ ಒಂದೇ ಉತ್ತರ

ಹೊರಗಿನಿಂದ ಬಂದವರು ಒಂದು ದೇಶದ ಆರ್ಥಿಕತೆಯನ್ನು ಹೇಗೆ ಬದಲಿಸುತ್ತಾರೆ ಎಂದು ಕಲಿಯಲು ನಾನು ಸಮುದ್ರ ದಾಟಿ ಹೋಗಿದ್ದೆ. ಕೊನೆಯ ಪ್ರಬಂಧಕ್ಕೆ ನಿನ್ನ ಊರಿಗೆ ವಲಸೆ ಬಂದವರನ್ನೇ ಮಾತಾಡಿಸಿ ಬಾ ಎಂದರು ಮೇಷ್ಟ್ರು. ಬಡಿಸುವವರು ನಮ್ಮವರಾದರೆ ಕೊನೆಯ ಪಂಕ್ತಿಯಾದರೇನು ಎಂದು ಹಿಗ್ಗಿದೆ. ಬಾಗಲಗುಂಟೆಯಲ್ಲಿ ನಮ್ಮ ಹೊಲವಿದ್ದ ಜಾಗದಲ್ಲಿ ಈಗ ನಾವೇ ಕಟ್ಟಿಸಿದ ಬಾಡಿಗೆ ಮನೆಗಳಿವೆ. ಪೀಣ್ಯದ ಕಾರ್ಖಾನೆಗಳಿಗೆ ಹೋಗುವ ಒಡಿಶಾ, ಬಿಹಾರದ ನಲವತ್ತು ಸಂಸಾರ ಅಲ್ಲೇ ಇದೆ. ಮೂರು ವಾರದಲ್ಲಿ ಅವರೆಲ್ಲರ ಮಾತು ಬರೆದುಕೊಂಡು ವಾಪಸಾಗಬೇಕು, ಇಲ್ಲದಿದ್ದರೆ ಪದವಿಯಿಲ್ಲ.

ಹದಿನೈದು ದಿನ ಬಾಗಿಲು ಬಾಗಿಲಿಗೆ ಹೋದೆ. ಎಲ್ಲರೂ ಕುರ್ಚಿ ಹಾಕಿದರು, ಟೀ ಕೊಟ್ಟರು. ಕೆಲಸ ಹೇಗಿದೆ? ಚೆನ್ನಾಗಿದೆ. ನೀರು? ಚೆನ್ನಾಗಿದೆ. ಪ್ರೆಸ್ ಮಷೀನಿಗೆ ಎರಡು ಬೆರಳು ಕಳೆದುಕೊಂಡವನೂ ಕೈಯನ್ನು ಲುಂಗಿಯೊಳಗೆ ಮುಚ್ಚಿಕೊಂಡು ಚೆನ್ನಾಗಿದೆ ಎಂದ. ಉತ್ತರಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ಎಲ್ಲವೂ ಒಂದೇ.

ಕೊನೆಯ ಮನೆಯವಳು ಗಾರ್ಮೆಂಟ್ಸ್‌ಗೆ ಹೋಗುವ ಹೆಂಗಸು. ನನ್ನ ಮುಖ ನೋಡಿ ಮರುಗಿದಳು.

“ಅಜ್ಜಿ ಹೇಳಿದ್ರಲ್ಲ ಅಕ್ಕ, ಹಂಗೇ ಹೇಳಿದ್ವಿ. ಇನ್ನೂ ಏನು ಸೇರಿಸ್ಬೇಕು?”

ನಾನು ಬರುವ ಹಿಂದಿನ ದಿನವೇ ನಮ್ಮಜ್ಜಿ ಮನೆಮನೆಗೂ ಹೋಗಿ, ಮೊಮ್ಮಗಳು ಪರೀಕ್ಷೆಗೆ ಕೇಳಲು ಬರುತ್ತಾಳೆ, ಯಾರೂ ಕೊಂಕು ಆಡಬಾರದು ಎಂದು ತಾಕೀತು ಮಾಡಿದ್ದಳಂತೆ. ಮನೆಗೆ ಹೋಗಿ, ಮೆಟ್ಟಿಲ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದ ಅಜ್ಜಿಯ ಮೇಲೆ ಕೂಗಾಡಿದೆ. ಅವಳು ಕೈ ನಿಲ್ಲಿಸಲಿಲ್ಲ.

“ಅಲ್ಲ ಕಣವ್ವ, ನೀನು ಪಾಸಾಗ್ಲಿ ಅಂತ ಯೋಳ್ದೆ. ಪರದೇಸದೋರ ಮುಂದೆ ನಮ್ಮನೆ ಮರ್ವಾದೆ ಓಗ್ಬೇಕಿತ್ತಾ?”

ಅವಳು ಹೇಳದಿದ್ದರೂ ಮನೆ ಮಾಲೀಕರ ಹುಡುಗಿಯ ಎದುರು ನಲ್ಲಿಯಲ್ಲಿ ನೀರಿಲ್ಲ ಎನ್ನುವ ಧೈರ್ಯ ಯಾರಿಗಿತ್ತು? ಅಷ್ಟೂ ಹೊಳೆಯದೆ ಎರಡು ವರ್ಷ ವಲಸೆಯ ಬಗ್ಗೆ ಓದಿದ್ದೆ.

ಉಳಿದ ದಿನಗಳಲ್ಲಿ ಪೀಣ್ಯದ ಕಾರ್ಖಾನೆ ಗೇಟುಗಳ ಮುಂದೆ ನಿಂತೆ. ಶಿಫ್ಟ್ ಬಿಟ್ಟವರು ಬಸ್ಸಿಗೆ ಓಡುತ್ತಿದ್ದರು. ಇಬ್ಬರು ನಿಂತರು, ನಾನು ರೆಕಾರ್ಡ್ ಮಾಡಲು ಮೊಬೈಲ್ ತೆಗೆದದ್ದು ಕಂಡು ಅವರೂ ಹೊರಟರು. ಹೊರಡುವ ಮುಂಚಿನ ಸಂಜೆ ಮತ್ತೆ ಗಾರ್ಮೆಂಟ್ಸ್‌ನವಳ ಬಾಗಿಲಿಗೆ ಹೋಗಿ, ಹೆಸರು ಬರೆಯುವುದಿಲ್ಲ, ನಿಜ ಹೇಳು ಎಂದು ಅಂಗಲಾಚಿದೆ. ಅವಳು ನಮ್ಮ ಮನೆಯ ಕಡೆ ನೋಡಿದಳು.

“ನೀವು ನಾಳೆ ಹೋಗ್ತೀರ ಅಕ್ಕ. ನಾವು ಇಲ್ಲೇ ಇರ್ಬೇಕಲ್ಲ.”

ಆ ನಲವತ್ತು ಉತ್ತರ ಹಾಗೇ ಕೊಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ವಿಮಾನ ನಿಲ್ದಾಣದಲ್ಲಿ ಕೂತು ಮೇಷ್ಟ್ರಿಗೆ ಬರೆದೆ: ಯಾವುದೂ ನಿಜವಲ್ಲ, ಕೇಳಿದವಳು ನಾನು ಎಂಬುದೇ ಕಾರಣ. ಆ ವರ್ಷ ಪದವಿ ಬರಲಿಲ್ಲ. ಆಮೇಲೂ ಬಂದಿಲ್ಲ.