‘ಇಲ್ಲೇ’ ಎಂದರೆ ಎಷ್ಟು ದೂರ?

ಕಳೆದ ಭಾನುವಾರ ಬೆಳಿಗ್ಗೆ ಮಗಳ ನಂಬರಿನಿಂದ ಫೋನ್ ಬಂತು. ಎತ್ತಿದರೆ ಯಾರೋ ಗಂಡಸಿನ ದನಿ.

“ಅಕ್ಕಾರ, ಗಾಬರಿ ಆಗಬ್ಯಾಡ್ರಿ. ನಿಮ್ಮ ಹುಡುಗಿ ಇಲ್ಲೇ ಗಾಡಿ ಮ್ಯಾಲಿಂದ ಬಿದ್ದಾಳ್ರಿ.”

“ಇಲ್ಲೇ ಅಂದ್ರ ಎಲ್ರೀ?”

“ಇಲ್ಲೇರೀ, ಕರ್ಜಗಿ ಹತ್ರ.”

ಕರ್ಜಗಿ! ನಾನಿರುವುದು ಹಾವೇರಿಯಲ್ಲಿ, ಅಲ್ಲಿಗೆ ಸುಮಾರು ಹತ್ತು ಕಿಲೋಮೀಟರ್. ಮಗಳು ಕಾವ್ಯಾ “ಮಮ್ಮಿ, ಇಲ್ಲೇ ಹೋಗಿ ಬರ್ತೇನಿ” ಎಂದು ಸ್ಕೂಟಿ ತೆಗೆದು ಇನ್ನೂ ಒಂದು ತಾಸೂ ಆಗಿರಲಿಲ್ಲ. ಅವಳಿಗೆ ಹದಿನಾರು ವರ್ಷ. ಪಿಯುಸಿ ಮೊದಲ ವರ್ಷ. ಲೈಸೆನ್ಸ್ ಇಲ್ಲ ಎಂದು ಬೇರೆ ಹೇಳಬೇಕೇ?

ನಮ್ಮ ಕಡೆ ಈ ‘ಇಲ್ಲೇ’ ಇದೆಯಲ್ಲ, ಅದೊಂದು ದೊಡ್ಡ ಪರ್ಮಿಟ್. ‘ಇಲ್ಲೇ’ ಹೊರಟವರಿಗೆ ಲೈಸೆನ್ಸ್ ಬೇಡ, ಹೆಲ್ಮೆಟ್ ಬೇಡ (ಕಾಲಿಗೆ ಚಪ್ಪಲಿಯೂ ಬೇಡ). ಎಲ್ಲಿಗೆ ಎಂದು ಮನೆಯಲ್ಲಿ ಯಾರೂ ಕೇಳುವುದಿಲ್ಲ. ರಾಣೆಬೆನ್ನೂರಿನ ನನ್ನ ತಮ್ಮನ ಮಗನಿಗೆ ಹಲಗೇರಿ ‘ಇಲ್ಲೇ’. ಬ್ಯಾಡಗಿಯ ನಾದಿನಿಯ ಮಗಳಿಗೆ ಹೈವೇ ಕೂಡ ‘ಇಲ್ಲೇ’. ಮಕ್ಕಳು ಬೆಳೆದ ಹಾಗೆ ಅದೂ ಬೆಳೆಯುತ್ತದೆ. ನಮಗೆ ಗೊತ್ತೇ ಆಗುವುದಿಲ್ಲ.

ಆಟೋ ಹಿಡಿದು ಓಡಿದೆ. ಅಲ್ಲಿ ಅರ್ಧ ರಸ್ತೆಗೆ ಗೋವಿನಜೋಳ ಒಣಗಲು ಹರವಿದ್ದರು. ಎದುರು ಬಂದ ಬಸ್ಸಿಗೆ ಸೈಡ್ ಕೊಡಲು ಹೋಗಿ ಇವಳ ಗಾಲಿ ಕಾಳಿನ ಮೇಲೆ ಜಾರಿದೆ. ಮಗಳು ಯಾರದೋ ಕಟ್ಟೆಯ ಮೇಲೆ ಕುಳಿತಿದ್ದಳು. ಗದ್ದಕ್ಕೆ ಒತ್ತಿಕೊಂಡ ಟವೆಲ್ ಕೆಂಪಾಗಿತ್ತು. ನನ್ನನ್ನು ಕಂಡದ್ದೇ ಅಳಲು ಶುರು ಮಾಡಿದಳು.

ಫೋನ್ ಮಾಡಿದವರದೇ ಜೋಳವಂತೆ. “ಪ್ರತಿ ವರ್ಷಾ ಇಲ್ಲೇ ಹರವ್ತೇವ್ರಿ ಗೊಂಜಾಳ. ಇಷ್ಟು ಸಣ್ಣ ಹುಡುಗ್ಯಾರ ಕೈಯಾಗ ಗಾಡಿ ಕೊಟ್ಟು ಕಳಸ್ತಾರಂತ ನಮಗೇನ್ ಗೊತ್ರೀ?” ಎಂದರು.

ಜಗಳಕ್ಕೆ ನಿಲ್ಲೋಣ ಎಂದುಕೊಂಡೆ. ಆದರೆ ಅವರು ರಸ್ತೆಗೆ ಜೋಳ ಬಿಟ್ಟಿದ್ದರು, ನಾನು ಮಗಳನ್ನು ಬಿಟ್ಟಿದ್ದೆ. ಯಾರು ಯಾರನ್ನು ಬೈಯಬೇಕು?

ಆಸ್ಪತ್ರೆಯಲ್ಲಿ ಗದ್ದಕ್ಕೆ ಮೂರು ಹೊಲಿಗೆ ಬಿದ್ದವು. “ಹೆಲ್ಮೆಟ್ ಎಲ್ಲೈತ್ರಿ?” ಎಂದು ಡಾಕ್ಟರು ಕೇಳಿದರು. ಅದು ಮನೆಯಲ್ಲಿ ಫ್ರಿಜ್ ಮೇಲೆ ಕ್ಷೇಮವಾಗಿತ್ತು. (ಹೆಲ್ಮೆಟ್ ಹಾಕಿ ಎಂದು ಇದೇ ಅಂಕಣದಲ್ಲಿ ಎರಡು ಸಲ ನಿಮಗೆ ಉಪದೇಶ ಮಾಡಿದ್ದೇನೆ. ನೀವು ಮರೆತಿದ್ದರೆ ಒಳ್ಳೆಯದೇ ಆಯಿತು.)

ಈ ವಿಷಯ ಬರೆದು ಬರೆದು, ಹೇಳಿ ಹೇಳಿ ನನಗೂ ಸಾಕಾಗಿದೆ, ನಿಜ. ಹದಿನೆಂಟು ತುಂಬುವವರೆಗೆ ಗಾಡಿ ಕೊಡಬೇಡಿ ಎನ್ನುವುದು ಯಾರಿಗೆ ಗೊತ್ತಿಲ್ಲ? ಗಾಡಿ ಕೊಟ್ಟ ಹಿರಿಯರ ಮೇಲೂ ಕೇಸ್ ಆಗುತ್ತದೆ ಎಂಬುದೂ ಗೊತ್ತು. ಆದರೂ ಪ್ರತಿ ಮನೆಯ ಮೊಳೆಯಲ್ಲಿ ಸ್ಕೂಟಿಯ ಕೀಲಿ ಮಕ್ಕಳ ಕೈಗೆ ಎಟುಕುವ ಹಾಗೆ ನೇತಾಡುತ್ತಿರುತ್ತದೆ.

ಮನೆಗೆ ಬಂದ ಮೇಲೆ ಅವಳ ಮೇಲೆ ಹರಿಹಾಯ್ದೆ. “ಇನ್ನ ಹದಿನೆಂಟು ತುಂಬೋತನಕ ಕೀಲಿ ಮುಟ್ಟಿದ್ರ ನೋಡು!”

ಹೊಲಿಗೆ ಎಳೆಯುತ್ತದೆಂದು ಅವಳು ತುಟಿ ಅಲ್ಲಾಡಿಸದ ಹಾಗೆ ಮೆಲ್ಲಗೆ ಕೇಳಿದಳು:

“ಮಮ್ಮಿ, ಕರಿಬೇವು ತರಾಕ, ಅಜ್ಜಿ ಗುಳಗಿ ತರಾಕ ನೀ ಕಳಸುವಾಗ ನನಗ ಹದಿನೆಂಟು ತುಂಬಿರ್ತಾವೇನು?”