ಗೊಂಬೆಯ ತಲೆಗಿಟ್ಟ ಸಿಂಬಿ

ನಮ್ಮ ಮನೆಯಲ್ಲಿ ಮೊದಲು ಹುಟ್ಟಿದ್ದು ಗೊಂಬೆ, ಆಮೇಲೆ ಕೂಸು. ಗೊಂಬೆಯನ್ನು ಹೆತ್ತವಳು ನಾನೇ.

ನನ್ನ ಮಗಳು ಹನೂರು ಕಡೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ ನರ್ಸು. ಹುಟ್ಟಿದ ಕೂಸು ಉಸಿರಾಡದಿದ್ದರೆ ಏನು ಮಾಡಬೇಕೆಂದು ಅವಳನ್ನು ಮೈಸೂರಿಗೆ ಕರೆಸಿ, ರಬ್ಬರ್ ಗೊಂಬೆಯ ಮೇಲೆ ಕಲಿಸಿ ಕಳಿಸಿದ್ದರು. ಮೂಗು ಬಾಯಿ ಮುಚ್ಚುವ ಹಾಗೆ ಮಾಸ್ಕು ಹಿಡಿದು, ಅದಕ್ಕೆ ಸೇರಿಸಿದ ಗಾಳಿಚೀಲವನ್ನು ಹದವಾಗಿ ಒತ್ತಬೇಕು. ಎದೆ ಎದ್ದರೆ ಗಾಳಿ ಒಳಗೆ ಹೋಯಿತು ಅಂತ ಅರ್ಥ. ಅಲ್ಲಿ ಚೆನ್ನಾಗಿಯೇ ಮಾಡಿದ್ದಳು. ಊರಿಗೆ ಬಂದ ಮೇಲೆ ಹುಟ್ಟಿದ ಕೂಸುಗಳೆಲ್ಲ ದೇವರ ದಯೆಯಿಂದ ತಾವೇ ಅತ್ತವು. ಅವಳ ಕೈಗೆ ಆ ಕೆಲಸ ಬೀಳಲೇ ಇಲ್ಲ.

ನನ್ನ ಸೊಸೆಗೆ ದಿನ ತುಂಬುತ್ತಾ ಬಂದಿತ್ತು. ಒಂದು ಸಂಜೆ ಮಗಳು ಮುದ್ದೆ ಮುರಿಯದೆ ಕೂತಿದ್ದಳು.

"ಯಾಕಮ್ಮಿ, ಸಾರು ಸೇರ್ನಿಲ್ವಾ?"

"ಇವತ್ತು ಕೊಳ್ಳೇಗಾಲದ ಮೀಟಿಂಗಲ್ಲಿ ಗೊಂಬೆ ಮ್ಯಾಲೆ ಮಾಡ್ಸುದ್ರು ಕಣವ್ವ. ಎಷ್ಟು ಒತ್ತುದ್ರೂ ಎದೆ ಏಳ್ನಿಲ್ಲ. ಬಾಯಲ್ಲಿ ಎಲ್ಲಾ ಹೇಳ್ತೀನಿ, ಕೈಗೆ ಮರ್ತೋಗದೆ."

ಹಾಗೆಂದವಳು ಸೊಸೆಯ ಹೊಟ್ಟೆಯ ಕಡೆ ನೋಡಿ, ಕಣ್ಣು ತಿರುಗಿಸಿಕೊಂಡಳು. ನಾನೂ ತಟ್ಟೆ ಸರಿಸಿ ಎದ್ದೆ.

ಮಾರನೆಯ ದಿನ ಕೊಳ್ಳೇಗಾಲದ ಬಸ್ಸು ಹತ್ತಿ ಪ್ಲಾಸ್ಟಿಕ್ ಗೊಂಬೆ, ಬಲೂನು ತಂದೆ. ಗೊಂಬೆಯ ತಲೆ ಮಾತ್ರ ಉಳಿಸಿಕೊಂಡು ಮೈಯನ್ನು ಹಳೇ ಸೀರೆಯಲ್ಲಿ ಹೊಲಿದೆ. ಕಾದ ದಬ್ಬಳದಿಂದ ಬಾಯಿಗೆ ತೂತು ಮಾಡಿದೆ. ಎದೆಯೊಳಗೆ ಬಲೂನು ಇಟ್ಟು, ಅದರ ಬಾಯನ್ನು ಕತ್ತಿನೊಳಗಿಂದ ಎಳೆದು ತೂತಿಗೆ ಅಂಟಿಸಿದೆ.

"ಯಾರಂಗದೆ ಅವ್ವ ಇದು?" ಅಂತ ಮಗಳು ನಕ್ಕಳು.

"ನಿಮ್ಮಪ್ಪನಂಗೆ. ಎಷ್ಟು ಏಳ್ಸುದ್ರೂ ಏಳಕ್ಕಿಲ್ಲ."

ಆಸ್ಪತ್ರೆಯಲ್ಲಿ ಪಕ್ಕಕ್ಕಿಟ್ಟಿದ್ದ ಹಳೆಯ ಗಾಳಿಚೀಲವನ್ನು ಡಾಕ್ಟರನ್ನು ಕೇಳಿ ತಂದಿದ್ದಳು. ಮಾಸ್ಕು ಹಿಡಿದು ಒತ್ತಿದಳು. ಎದೆ ಏಳಲಿಲ್ಲ. ಮತ್ತೆ ಒತ್ತಿದಳು. ಹಣೆಯಲ್ಲಿ ಬೆವರು. ಆಮೇಲೆ ಗೊಂಬೆಯ ತಲೆಯ ಕೆಳಗೆ ಕೈ ಹಾಕಿ ನೋಡಿದಳು.

"ಅವ್ವಾ, ಈ ಸಿಂಬಿ ಯಾರು ಮಡಗುದ್ದು?"

ನೀರಿನ ಕೊಡ ಹೊರುವಾಗ ತಲೆಗೆ ಇಟ್ಟುಕೊಳ್ಳುತ್ತೇವಲ್ಲ, ಬಟ್ಟೆ ಸುತ್ತಿದ ಸಿಂಬಿ, ಅದು. ನಮ್ಮ ಮನೆಯಲ್ಲಿ ಹಸುಗೂಸನ್ನು ತಲೆಗೆ ಸಿಂಬಿ ಇಡದೆ ಮಲಗಿಸಿದ್ದೇ ಇಲ್ಲ.

"ನಾನೇಯ. ತಲೆ ಗುಂಡುಗೆ ಆಗ್ಲಿ ಅಂತ."

"ಗೊಂಬೆ ತಲೆ ಇನ್ನೆಷ್ಟು ಗುಂಡುಗೆ ಆಗ್ಬೇಕವ್ವ? ತಲೆ ಎತ್ರ ಆದ್ರೆ ಗದ್ದ ಎದೆಗೆ ಬಿದ್ದು ಗಾಳಿ ದಾರಿ ಮುಚ್ಕತದೆ. ಬಟ್ಟೆ ತೆಳ್ಳುಗೆ ಮಡ್ಚಿ ಭುಜದ ಕೆಳಿಕೆ ಮಡಗ್ಬೇಕು."

ಹಾಗೇ ಇಟ್ಟು ಒತ್ತಿದಳು. ನನ್ನ ಹಳೇ ಸೀರೆಯ ಎದೆ ಮೆಲ್ಲಗೆ ಎದ್ದು, ಇಳಿಯಿತು.

ಅಲ್ಲಿಂದ ಮುಂದೆ ಪಾತ್ರೆ ತೊಳೆದಾದ ಮೇಲೆ ದಿನಾ ಗೊಂಬೆಯ ಸೇವೆ. ನಾನು ಬೇಕೆಂದೇ ಒಮ್ಮೊಮ್ಮೆ ಸಿಂಬಿ ಇಟ್ಟಿರುತ್ತಿದ್ದೆ. ಮೊದಮೊದಲು ಬೈದಳು. ಆಮೇಲಾಮೇಲೆ ಮಾತಾಡುತ್ತಿರುವಾಗಲೇ ಅವಳ ಕೈ ಹೋಗಿ ಅದನ್ನು ಎಳೆದು ಹಾಕುತ್ತಿತ್ತು.

ಸೊಸೆಗೆ ನೋವು ಬಂದ ದಿನ ಮಗಳದೇ ಡ್ಯೂಟಿ. ಹೆರಿಗೆ ಕೋಣೆಯಲ್ಲಿ ಸೊಸೆಯ ತಲೆದೆಸೆ ನಿಂತಿರಲು ನನ್ನನ್ನೂ ಬಿಟ್ಟರು. ಕೂಸು ಬಂತು. ಅಳಲಿಲ್ಲ. ಕೈಕಾಲು ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿದ್ದವು, ಬಣ್ಣ ನೇರಳೆ ಹಣ್ಣಿನದು. ಡಾಕ್ಟರು ಸೊಸೆಯ ರಕ್ತ ನಿಲ್ಲಿಸುವುದರಲ್ಲಿದ್ದರು. ಮಗಳು ಕೂಸನ್ನು ಒರೆಸಿ, ಬೆನ್ನು ಉಜ್ಜಿ, ಕೂಸುಗಳನ್ನು ಬೆಚ್ಚಗಿಡುವ ಬಿಸಿ ಮೇಜಿನ ಮೇಲೆ ಮಲಗಿಸಿದಳು.

"ಯಾಕತ್ತೆ, ಸದ್ದೇ ಇಲ್ಲ?" ಅಂದಳು ಸೊಸೆ. ನಾನು ಅವಳ ಕೈ ಹಿಡಿದುಕೊಂಡೆ.

ಮಗಳು ಮಾಸ್ಕು ಇಟ್ಟು ಒತ್ತಿದಳು. ಎದೆ ಏಳಲಿಲ್ಲ.

ನನಗೆ ಕಂಡಿತು. ಮೇಜಿಗೆ ಹಾಸಲೆಂದು ನಾನೇ ಒಗೆದು ತಂದಿದ್ದ ಸೀರೆತುಂಡು ಕೂಸಿನ ತಲೆಯ ಕೆಳಗೆ ಮುದುರಿಕೊಂಡು ಸಿಂಬಿಯೇ ಆಗಿತ್ತು. ಗದ್ದ ಎದೆಗೆ ಅಂಟಿತ್ತು. ಕೂಗಿ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಮಗಳ ಕೈ ಅಲ್ಲಿಗೆ ಹೋಗಿತ್ತು. ಕಣ್ಣು ಕೂಸಿನ ಮುಖ ಬಿಡಲಿಲ್ಲ. ಕೈ ತಾನೇ ಆ ಬಟ್ಟೆಯನ್ನು ಎಳೆದು, ಮಡಚಿ, ಭುಜದ ಕೆಳಗೆ ತಳ್ಳಿತು. ಮತ್ತೆ ಮಾಸ್ಕು. ಒತ್ತಿದಳು.

ಎದೆ ಎದ್ದಿತು. ಇಳಿಯಿತು. ಮತ್ತೆ ಎದ್ದಿತು. ಒತ್ತುತ್ತಲೇ ಇದ್ದಳು, ನಾನೂ ಅವಳ ಜೊತೆಗೇ ಉಸಿರು ಎಳೆದು ಬಿಡುತ್ತಿದ್ದೆ. ಕೂಸು ಒಮ್ಮೆ ಕೆಮ್ಮಿತು. ಬೆಕ್ಕಿನ ಮರಿಯ ಹಾಗೆ ಒಂದು ಸಣ್ಣ ಸದ್ದು. ಆಮೇಲೆ ಅತ್ತಿತು ನೋಡಿ, ಹೊರಗೆ ಬೇವಿನ ಮರದಡಿ ಕೂತಿದ್ದ ಅದರ ತಾತ, ನಮ್ಮ ಯಜಮಾನರೇ ಎದ್ದು ನಿಂತರಂತೆ.

ಕೂಸು ಮನೆಗೆ ಬಂದ ಸಂಜೆ ಮಗಳು ಗೊಂಬೆ ಕೇಳಿದಳು.

"ನಮ್ ಕೂಸು ಅತ್ತಾಯ್ತಲ್ಲಮ್ಮಿ, ಇನ್ಯಾತುಕ್ಕೆ?"

"ನಾಳಿಕೆ ಇನ್ಯಾರ್ದಾರ ಕೂಸು ಬತ್ತದಲ್ಲವ್ವ."

ತಂದು ಮಲಗಿಸಿದೆ. ತಲೆಗೆ ಸಿಂಬಿ ಇಟ್ಟೇ ಮಲಗಿಸಿದೆ. ಅವಳು ತೊಟ್ಟಿಲ ಕಡೆ ನೋಡಿ ನಗುತ್ತಲೇ ಅದನ್ನು ಎಳೆದು ನನ್ನ ಮಡಿಲಿಗೆ ಎಸೆದಳು.