ಮೊಗೆಕಾಯಿಯ ತುದಿ

ಅಪ್ಪಿ, ಪುಟ್ಟಿ, ಮೊನ್ನೆ ನೀವು ಮೊಬೈಲಿನಲ್ಲಿ ಸಾಗರದ ಆ ಹೋಟೆಲಿನ ವಿಡಿಯೋ ತೋರಿಸಿ, "ಅಜ್ಜಿ, ನೀನು ಪಾತ್ರೆ ತೊಳೀತಿದ್ದಿದ್ದು ಇಲ್ಲೇ ಅಲ್ವಾ?" ಎಂದು ಕೇಳಿದಿರಿ. ನಾನು ಹೂಂ ಎಂದುಬಿಟ್ಟೆ. ಎದುರು ನಿಂತು ಮಾತಾಡಲು ನನಗೆ ಮೊದಲಿನಿಂದಲೂ ಬಾರದು. ಅದಕ್ಕೇ ಬರೆಯುತ್ತಿದ್ದೇನೆ. ನಾನು ಅಲ್ಲಿ ಪಾತ್ರೆ ತೊಳೆಯಲಿಲ್ಲ, ಅಡುಗೆ ಮಾಡಿದೆ.

ನಿಮ್ಮ ಅಜ್ಜ ಹೋದ ಮೇಲೆ ಹೊಸನಗರದ ಕಡೆಯಿಂದ ಬಂದು ಆ ಹೋಟೆಲಿಗೆ ತರಕಾರಿ ಹೆಚ್ಚಲು ಸೇರಿದೆ. ಒಳಗೆ ಎಲ್ಲ ಗಂಡಸರು, ನಾನೊಬ್ಬಳೇ ಹೆಂಗಸು. ಒಲೆಯ ಹತ್ತಿರ ಹೋದರೆ, "ಅಮ್ಮಾ, ಸೆರಗಿಗೆ ಬೆಂಕಿ ಹತ್ತೀತು, ಆಚೆ ಕೂತ್ಕೊಳಿ" ಎನ್ನುತ್ತಿದ್ದರು. ಕೂತೆ. ಮೊಗೆಕಾಯಿಯಲ್ಲಿ, ಅದೇ ಸಾಂಬಾರಿನ ಸೌತೆಕಾಯಿಯಲ್ಲಿ, ಎಲ್ಲೋ ಒಂದು ಕಾಯಿ ಕಹಿ ಇರುತ್ತದೆ; ಅದೊಂದು ಸೇರಿದರೂ ಇಡೀ ಹಂಡೆ ಸಾಂಬಾರು ಹಾಳು. ಹಾಗಾಗಿ ಪ್ರತಿ ಕಾಯಿಯ ತುದಿ ಕೊಯ್ದು ನಾಲಿಗೆಗೆ ಮುಟ್ಟಿಸಿ ನೋಡಿಯೇ ಹೆಚ್ಚುತ್ತಿದ್ದೆ. ಕೂತಲ್ಲಿಂದಲೇ ಒಲೆಯ ಕೆಲಸ ನೋಡಿ ಕಲಿತೆ.

ಅಡುಗೆ ಭಟ್ಟರು ತೀರ್ಥಹಳ್ಳಿಯ ಹೋಟೆಲೊಂದಕ್ಕೆ ಹೋದರು. ಮಾಲೀಕರ ಮುಂದೆ ನೆಲ ನೋಡುತ್ತಾ ನಿಂತು, "ನಾನು ಮಾಡ್ತೀನಿ" ಎಂದೆ. ಬೇರೆ ಯಾರೂ ಸಿಗದೆ ಒಪ್ಪಿದರು. ಗಿರಾಕಿಗಳು ಸಾಂಬಾರು ಮತ್ತೆ ಹಾಕಿಸಿಕೊಂಡು "ಹೊಸ ಭಟ್ರ ಕೈ ಚೆನ್ನಾಗಿದೆ" ಎನ್ನುತ್ತಿದ್ದರು. ಮಾಲೀಕರು ತಿದ್ದಲಿಲ್ಲ.

ಒಲೆ ಸಿಕ್ಕ ಮೇಲೂ ಮೊಗೆಕಾಯಿಯ ತುದಿ ನಾನೇ ನೋಡುತ್ತಿದ್ದೆ. ಒಂದು ದಿನ ನನ್ನ ಜಾಗಕ್ಕೆ ಹೆಚ್ಚಲು ಬಂದಿದ್ದ ಗಂಡಸು, ನನ್ನ ವಯಸ್ಸಿನವನೇ, ಎಲ್ಲರಿಗೂ ಕೇಳುವಂತೆ ಅಂದ: "ಏನ್ ಭಟ್ರೇ, ಇನ್ನೂ ಕಾಯಿ ನೆಕ್ಕೋದು ಬಿಟ್ಟಿಲ್ವಾ?" ಎಲ್ಲರೂ ನಕ್ಕರು. ಗೇಲಿಗಾದರೂ ನನ್ನ ಮುಖ ನೋಡಿ ಭಟ್ರು ಎಂದು ಕರೆದದ್ದು ಅದೇ ಮೊದಲು. ಸುಳ್ಳು ಹೇಳುವುದಿಲ್ಲ, ಖುಷಿಯಾಯಿತು. ಚಾಕು ಕೆಳಗಿಟ್ಟು ಒಲೆಗೆ ಹೋದೆ. ಅವನು ತುದಿ ನೋಡದೆ ಹೆಚ್ಚಿದ.

ಮಧ್ಯಾಹ್ನ ಊಟಕ್ಕೆ ಕೂತವರು ಕಹಿ ಎಂದು ತುತ್ತು ಉಗುಳಿದರು. ಮಾಲೀಕರು ಒಳಗೆ ಬಂದು, "ಹೆಂಗಸಿನ ಕೈಗೆ ಒಲೆ ಕೊಟ್ಟಿದ್ದು ನನ್ನ ತಪ್ಪು" ಎಂದರು. ಹೆಚ್ಚಿದವನು ಗೋಡೆ ನೋಡುತ್ತಿದ್ದ. ಅವನನ್ನು ಹೇಗೆ ದೂರಲಿ? ಭಟ್ರು ಅನ್ನಿಸಿಕೊಳ್ಳುವ ಆಸೆಗೆ ಚಾಕು ಇಟ್ಟವಳು ನಾನೇ.

ಒಲೆ ತಪ್ಪಿತು, ಮತ್ತೆ ಹೆಚ್ಚಲು ಕೂತೆ. ಮರುದಿನವೇ ಮಾಲೀಕರ ಹತ್ತಿರ ಹೋಗಿ, "ಇನ್ನೊಂದ್ ಸಲ ಕೊಡಿ" ಎಂದೆ. "ನೋಡೋಣ" ಎಂದರು. ಆ ನೋಡೋಣಕ್ಕೆ ನಾಲ್ಕು ವರ್ಷ ಹಿಡಿಯಿತು. ಅಷ್ಟು ದಿನವೂ ಇನ್ನೊಬ್ಬ ಭಟ್ಟರ ಸಾಂಬಾರನ್ನು ಕಾಯ್ದದ್ದು ನನ್ನ ನಾಲಿಗೆ. ಅವರೂ ಬಿಟ್ಟುಹೋದ ಮೇಲೆ ಒಲೆ ನನ್ನದಾಯಿತು. ಮಂಡಿ ಸೋಲುವ ತನಕ ಅಲ್ಲೇ ನಿಂತೆ. ಮೊಗೆಕಾಯಿ ಮಾತ್ರ ಯಾರ ಕೈಗೂ ಬಿಡಲಿಲ್ಲ.

ವಿಡಿಯೋದಲ್ಲಿ ಬೋರ್ಡು ನೋಡಿದಿರಲ್ಲ, 'ಭಟ್ರ ಕೈರುಚಿ' ಅಂತ? ಅದನ್ನು ಹಾಕಿಸಿದ್ದು ನಾನು ಒಲೆಯ ಮುಂದೆ ಇದ್ದಾಗಲೇ. ದಿನಾ ಅದರ ಕೆಳಗೇ ಹಾದು ಒಳಗೆ ಹೋಗುತ್ತಿದ್ದೆ. ಆ ಭಟ್ರು ನಾನು ಎಂದು ಬರೆದಿರುವುದು ಈ ಹಾಳೆಗಳಲ್ಲಿ ಮಾತ್ರ. ತೇವ ತಾಗದ ಕಡೆ ಎತ್ತಿಡಿ.